ಕೇಳುವ ಕಸುಬು

(ಬೆಳ್ಳಂದೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಟಿವಿಯವನನ್ನು ದತ್ತಿ ಉಪನ್ಯಾಸಕ್ಕೆ ಕರೆದ ನಿಮ್ಮ ಧೈರ್ಯಕ್ಕೆ ಮೊದಲು ನಮಸ್ಕಾರ. ಒಂದು ಸರ್ಕಾರ ಬಿದ್ದ ಕಥೆ ಹೇಳಲು ನಮ್ಮ ಕಸುಬಿನಲ್ಲಿ ಸಿಗುವುದು ತೊಂಬತ್ತು ಸೆಕೆಂಡು. ನೀವು ಒಂದು ಗಂಟೆ ಕೊಟ್ಟಿದ್ದೀರಿ. ನಡುವೆ ಜಾಹೀರಾತಿಲ್ಲ, ಕಿವಿಯೊಳಗೆ ‘ಸಾಕು, ಮುಗಿಸಿ’ ಎನ್ನುವ ಪ್ರೊಡ್ಯೂಸರ್ ಇಲ್ಲ. ಮಾತು ಉದ್ದವಾಯಿತು ಅನ್ನಿಸಿದರೆ ಕೈ ಎತ್ತಿ, ನಿಲ್ಲಿಸುತ್ತೇನೆ.

ಇವತ್ತಿನ ವಿಷಯ ಟಿವಿ ರಾಜಕೀಯ ಪತ್ರಕರ್ತನ ವೃತ್ತಿ ಮತ್ತು ನಿಲುವು. ಇದನ್ನು ಯೋಚಿಸುವಾಗಲೆಲ್ಲ ನನಗೆ ಕನ್ನಡದ ಒಂದು ಕ್ರಿಯಾಪದ ನೆನಪಾಗುತ್ತದೆ: ಕೇಳು. ಪ್ರಶ್ನೆಯನ್ನೂ ಕೇಳುತ್ತೇವೆ, ಮಾತನ್ನೂ ಕೇಳುತ್ತೇವೆ. ಮಗ ಅಪ್ಪನನ್ನು ದುಡ್ಡು ಕೇಳುತ್ತಾನೆ, ಅಪ್ಪನ ಮಾತು ಮಾತ್ರ ಕೇಳುವುದಿಲ್ಲ. ಎರಡಕ್ಕೂ ಒಂದೇ ಪದ ಇಟ್ಟ ಹಿರಿಯರು, ಎರಡನೆಯದು ಬಾರದವನಿಗೆ ಮೊದಲನೆಯದೂ ಬಾರದು ಎಂದು ತಿಳಿದಿದ್ದರೋ ಏನೋ. ನನ್ನ ಮಾತಿನ ತಿರುಳು ಇಷ್ಟೇ. ಕನ್ನಡದ ಟಿವಿ ರಾಜಕೀಯ ಪತ್ರಕರ್ತ ಪ್ರಶ್ನೆ ಕೇಳುವುದನ್ನು ಬಹಳ ಬೇಗ ಕಲಿತ. ಮಾತು ಕೇಳುವುದನ್ನು ಅಷ್ಟೇ ಬೇಗ ಮರೆತ. ಅವನು ಅಂದಾಗ ಅದರಲ್ಲಿ ನಾನೂ ಸೇರಿದ್ದೇನೆ.

1

ಮೊದಲು ಸ್ವಲ್ಪ ಇತಿಹಾಸ, ಬೇಗ ಹೇಳಿ ಮುಗಿಸುತ್ತೇನೆ.

ಕರ್ನಾಟಕದ ಹಳ್ಳಿಗೆ ಟಿವಿ ಬಂದದ್ದು ಬೆಂಗಳೂರಿನ ಮೂಲಕ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿದ್ದವು. ನಮ್ಮಲ್ಲಿ ಅದು ತಲುಪಿದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರದ ಹಳ್ಳಿಗಳಿಗೆ. ಊರಿಗೆಲ್ಲ ಒಂದೇ ಪೆಟ್ಟಿಗೆ, ಸಂಜೆ ಎಲ್ಲರೂ ಒಟ್ಟಿಗೆ ಕೂತು ನೋಡುವುದು. ಕೃಷಿ, ಆರೋಗ್ಯ, ಶಿಕ್ಷಣದ ಮಾತು. ತುರ್ತು ಪರಿಸ್ಥಿತಿಯ ದಿನಗಳಾದ್ದರಿಂದ ರಾಜಕೀಯ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಆಮೇಲೆ ಬಂದ ದೂರದರ್ಶನದ ಕನ್ನಡ ವಾರ್ತೆಯಲ್ಲಿ ಮಂತ್ರಿ ಉದ್ಘಾಟಿಸಿದರು, ಅಭಿಪ್ರಾಯಪಟ್ಟರು, ಕರೆ ನೀಡಿದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

1994ರಲ್ಲಿ ಉದಯ ಟಿವಿ ಬಂತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದಿತು. ಕ್ರಿಕೆಟ್ ಪಂದ್ಯ ಯಾರು ತೋರಿಸಬೇಕು ಎಂಬ ಜಗಳದಿಂದ ಹುಟ್ಟಿದ ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. 2000ದ ಡಿಸೆಂಬರ್‌ನಲ್ಲಿ ಬಂದ ಈಟಿವಿ ಕನ್ನಡ ಜಿಲ್ಲೆ ಜಿಲ್ಲೆಯಲ್ಲಿ ವರದಿಗಾರರನ್ನು ಇಟ್ಟಿತು. ಹಾವೇರಿಯ ಸುದ್ದಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಮತ್ತೆ ಹಾವೇರಿಗೆ ಬರುತ್ತಿತ್ತು ಎಂಬುದು ನಿಜ. ಆದರೂ ಹಾವೇರಿಯೂ ಸುದ್ದಿಯಾಗಬಹುದು ಎಂದು ನಮಗೆ ಕಲಿಸಿದವರು ಅವರು. 2006ರ ಡಿಸೆಂಬರ್‌ನಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್. ಅಲ್ಲಿಂದ ಇಪ್ಪತ್ನಾಲ್ಕು ಗಂಟೆಯ ಕಾಲ ಶುರುವಾಯಿತು.

ಕಾಲ ಎಂಥದ್ದು ನೋಡಿ. ಟಿವಿ9 ಬಂದಾಗ ಕುಮಾರಸ್ವಾಮಿ–ಯಡಿಯೂರಪ್ಪನವರ ಇಪ್ಪತ್ತು–ಇಪ್ಪತ್ತು ತಿಂಗಳ ಅಧಿಕಾರ ಹಂಚಿಕೆಯ ಒಪ್ಪಂದ ನಡೆಯುತ್ತಿತ್ತು. 2007ರ ಅಕ್ಟೋಬರ್‌ನಲ್ಲಿ ಅದು ಮುರಿಯಿತು. ನವೆಂಬರ್‌ನಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಒಂದೇ ವಾರದಲ್ಲಿ ಇಳಿದರು. ಹೊಸ ಅಂಗಡಿ ತೆರೆದ ದಿನವೇ ಊರಹಬ್ಬ ಬಂದ ಹಾಗಾಯಿತು. ಪದ್ಮನಾಭನಗರ, ಡಾಲರ್ಸ್ ಕಾಲನಿ, ಜೆ.ಪಿ. ನಗರದಲ್ಲಿದ್ದ ನಾಯಕರ ಮನೆಗಳ ಗೇಟುಗಳ ಮುಂದೆ ನೇರಪ್ರಸಾರದ ಓಬಿ ವ್ಯಾನುಗಳು ಬೀಡುಬಿಟ್ಟವು. ರಾಜಕೀಯ ವರದಿಗಾರ ಎಂದರೆ ಗೇಟಿನ ಮುಂದೆ ಲೋಗೋ ಹಿಡಿದು ನಿಂತವನು, ಕಾರಿನ ಗಾಜು ಇಳಿಯುವುದನ್ನೇ ಕಾಯುವವನು ಎಂದಾಯಿತು. ‘ಸಾರ್, ಒಂದ್ ಬೈಟ್ ಸಾರ್’ ಎಂಬುದು ನಮ್ಮ ತಲೆಮಾರಿನ ಪಂಚಾಕ್ಷರಿ. ಗಾಜು ಇಳಿದರೆ ಸುದ್ದಿ. ಇಳಿಯದಿದ್ದರೆ ಅದೂ ಸುದ್ದಿ.

2

ಈ ಕಾಲದ ಒಬ್ಬ ಪತ್ರಕರ್ತರನ್ನು ಆರಿಸಿಕೊಂಡು ಮಾತಾಡು ಎಂದರೆ ನಾನು ಎಚ್.ಆರ್. ರಂಗನಾಥ್ ಅವರ ಹೆಸರು ಹೇಳುತ್ತೇನೆ. ಅವರನ್ನು ಮೆಚ್ಚುವವರು ರಂಗಣ್ಣ ಎನ್ನುತ್ತಾರೆ, ಬೈಯುವವರೂ ರಂಗಣ್ಣ ಎಂದೇ ಬೈಯುತ್ತಾರೆ. ನಮ್ಮ ಕಸುಬಿನಲ್ಲಿ ಹೀಗೆ ಮನೆಮಾತಾದ ಹೆಸರು ಬಹಳ ಇಲ್ಲ.

ಅವರು ಮುದ್ರಣದಿಂದ ಬಂದವರು. ‘ಕನ್ನಡಪ್ರಭ’ದ ಸಂಪಾದಕರಾಗಿ, ಸುವರ್ಣ ನ್ಯೂಸ್‌ನ ಮುಖ್ಯಸ್ಥರಾಗಿ ಕೆಲಸ ಮಾಡಿ, 2012ರ ಫೆಬ್ರುವರಿ 12ರಂದು ಸ್ವಂತ ವಾಹಿನಿ ‘ಪಬ್ಲಿಕ್ ಟಿವಿ’ಯನ್ನು ಆರಂಭಿಸಿದರು. ಆ ದಿನಾಂಕದ ಮಹತ್ವ ತಿಳಿಯಬೇಕಾದರೆ ಅದರ ಸುತ್ತಲಿನ ವರ್ಷಗಳನ್ನು ನೋಡಬೇಕು. 2007ರಲ್ಲಿ ಬಂದ ‘ಕಸ್ತೂರಿ’ ಅನಿತಾ ಕುಮಾರಸ್ವಾಮಿ ಅವರದು. ‘ಸಮಯ’ ಸತೀಶ್ ಜಾರಕಿಹೊಳಿ ಅವರ ಕೈಯಲ್ಲಿತ್ತು. ‘ಜನಶ್ರೀ’ಯ ಹಿಂದೆ ಬಳ್ಳಾರಿಯ ರೆಡ್ಡಿ ಬಳಗವಿತ್ತು. ಸುವರ್ಣ ನ್ಯೂಸ್‌ನ ಒಡೆಯರಾಗಿದ್ದ ರಾಜೀವ್ ಚಂದ್ರಶೇಖರ್ ಆಗ ರಾಜ್ಯಸಭೆಯ ಸದಸ್ಯರು. ಉದಯ ಟಿವಿಯ ಬೇರು ಚೆನ್ನೈನ ಮಾರನ್ ಕುಟುಂಬದಲ್ಲಿ. ರಾಜಕಾರಣಿಗೆ ಮೊದಲು ಒಂದು ಮಠ, ಆಮೇಲೆ ಒಂದು ಕಾಲೇಜು ಬೇಕಿತ್ತು. ಆ ಹೊತ್ತಿಗೆ ಒಂದು ಚಾನೆಲ್ಲೂ ಬೇಕಾಯಿತು. ಅಂಥ ಸಂತೆಯಲ್ಲಿ ಒಬ್ಬ ಪತ್ರಕರ್ತ ತಾನೇ ವಾಹಿನಿ ಕಟ್ಟಿ, ಇದು ಯಾರ ಆಸ್ತಿಯೂ ಅಲ್ಲ, ನಿಮ್ಮ ಟಿವಿ ಎಂಬ ಘೋಷವಾಕ್ಯ ಇಟ್ಟರು. 1995ರ ತೀರ್ಪನ್ನು ನೆನಪಿಡಿ ಎಂದೆನಲ್ಲ. ನ್ಯಾಯಮೂರ್ತಿಗಳು ಇಂಗ್ಲಿಷಿನಲ್ಲಿ ನೂರಾರು ಪುಟ ಬರೆದು ಹೇಳಿದ್ದನ್ನು ಈ ಘೋಷವಾಕ್ಯ ಕನ್ನಡದ ನಾಲ್ಕಾರು ಪದದಲ್ಲಿ ಹೇಳಿತು.

ಅವರ ಎರಡನೆಯ ಕೊಡುಗೆ ಭಾಷೆ. ಅದಕ್ಕೆ ಮೊದಲು ಬುಲೆಟಿನ್ ಕನ್ನಡ ಎಂದರೆ ಅನುವಾದದ ಕನ್ನಡ. ಮುಖ್ಯಮಂತ್ರಿ ‘ಖಚಿತಪಡಿಸಿದರು’, ಪ್ರತಿಪಕ್ಷ ‘ತರಾಟೆಗೆ ತೆಗೆದುಕೊಂಡಿತು’. ರಾತ್ರಿ ಒಂಬತ್ತರ ‘ಬಿಗ್ ಬುಲೆಟಿನ್’ನಲ್ಲಿ ರಂಗನಾಥ್ ಜಗಲಿಯ ಮೇಲೆ ಕೂತವರಂತೆ ಮಾತಾಡಿದರು. ಮಧ್ಯೆ ನಿಟ್ಟುಸಿರು, ಮಧ್ಯೆ ಗದರಿಕೆ, ಮಧ್ಯೆ ‘ಅಲ್ಲಾ ಸ್ವಾಮಿ’ ಎನ್ನುವ ಧಾಟಿ. ಬಜೆಟ್ಟನ್ನೂ ಬರವನ್ನೂ ಮನೆಯ ಲೆಕ್ಕದ ಹಾಗೆ ಹೇಳಿದರು. ರಾಜಕೀಯ ಸುದ್ದಿ ತನಗಲ್ಲ ಅಂದುಕೊಂಡಿದ್ದ ಗೃಹಿಣಿ, ಆಟೋ ಚಾಲಕ, ಕಿರಾಣಿ ಅಂಗಡಿಯವನು ಒಂಬತ್ತು ಗಂಟೆಗೆ ಟಿವಿ ಮುಂದೆ ಕೂತರು. ‘ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಕಷ್ಟದಲ್ಲಿದ್ದವರನ್ನು ಕೂರಿಸಿಕೊಂಡು ನೆರವು ದೊರಕಿಸುವ ಕೆಲಸವನ್ನೂ ಮಾಡಿದರು. ಇದು ಸಣ್ಣ ಸಾಧನೆಯಲ್ಲ. ಒಳ್ಳೆಯ ಕನ್ನಡ ಎಂದರೆ ಜನ ಆಡುವ ಕನ್ನಡ ಎಂದು ಕಾಲೇಜಿನಲ್ಲಿ ಪಾಠ ಮಾಡುವುದು ಸುಲಭ. ಅದನ್ನೇ ಆಡಿ ಜಾಹೀರಾತು ತರುವುದು ಕಷ್ಟ.

ಇನ್ನು ನಿಲುವಿನ ಮಾತು. ಪತ್ರಿಕೆಯಲ್ಲಿ ಸುದ್ದಿಗೊಂದು ಪುಟ, ಸಂಪಾದಕೀಯಕ್ಕೊಂದು ಪುಟ. ಓದುಗ ಸಂಪಾದಕೀಯವನ್ನು ಓದದೆ ಪುಟ ಮಗುಚಬಹುದು. ಬಿಗ್ ಬುಲೆಟಿನ್ ಮಾದರಿಯಲ್ಲಿ ಆ ಗೆರೆ ಅಳಿಸಿಹೋಯಿತು. ಸುದ್ದಿ ಎಲ್ಲಿ ಮುಗಿಯಿತು, ಹೇಳುವವರ ಸಿಟ್ಟು ಎಲ್ಲಿ ಶುರುವಾಯಿತು ಎಂಬುದು ನೋಡುವವರಿಗೆ ತಿಳಿಯದು. ಪಕ್ಷಪಾತವನ್ನು ಹಿಡಿಯಬಹುದು. ದನಿಯೊಳಗೆ ಕರಗಿದ ಅಭಿಪ್ರಾಯವನ್ನು ಹಿಡಿಯುವುದು ಕಷ್ಟ. ಹೇಳುವವನು ಮನೆಯವನಂತೆ ಮಾತಾಡಿದಷ್ಟೂ ಅವನ ಮಾತಿಗೆ ಸಾಕ್ಷಿ ಕೇಳಲು ನಮಗೆ ಸಂಕೋಚ.

ಅದರ ಬೆಲೆ ಏನು ಎಂಬುದಕ್ಕೆ 2020ರ ಏಪ್ರಿಲ್ ತಿಂಗಳ ಒಂದು ಘಟನೆ ಸಾಕು. ಲಾಕ್‌ಡೌನ್ ಸಮಯ. ತೆಲಂಗಾಣದ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ‘ಹೆಲಿಕಾಪ್ಟರ್ ಮನಿ’ ಬೇಕು ಎಂದರು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1969ರಲ್ಲಿ ಬಳಸಿದ ರೂಪಕ ಅದು. ಕೇಂದ್ರ ಬ್ಯಾಂಕು ಹೊಸ ಹಣವನ್ನು ನೇರವಾಗಿ ಜನರ ಕೈಗೆ ತಲುಪಿಸುವುದು ಎಂಬುದಷ್ಟೇ ಅದರ ಅರ್ಥ. ಪಬ್ಲಿಕ್ ಟಿವಿಯಲ್ಲಿ ಅದು ಹೆಲಿಕಾಪ್ಟರಿನಿಂದ ಊರೂರಿಗೆ ದುಡ್ಡು ಸುರಿಯುವ ಸುದ್ದಿಯಾಯಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಾಹಿನಿಗೆ ಷೋಕಾಸ್ ನೋಟಿಸ್ ಕೊಟ್ಟಿತು. ನಗುವವರು ನಕ್ಕರು. ನನಗೆ ನಗು ಬರಲಿಲ್ಲ. ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಕೂತಿದ್ದ ಮನೆಗಳಲ್ಲಿ ಅವತ್ತು ಎಷ್ಟು ಜನ ಒಮ್ಮೆ ಆಕಾಶ ನೋಡಿರಬಹುದು! ತಪ್ಪು ಒಬ್ಬರದೇ ಅಲ್ಲ. 2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂದು ಹಿಂದಿಯಲ್ಲೂ ಕನ್ನಡದಲ್ಲೂ ಟಿವಿಗಳು ಹೇಳಿದ್ದವು. ವಿಷಯ ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿ ಎರಡು ನಿಮಿಷ ಕೇಳಿಸಿಕೊಂಡಿದ್ದರೆ ಈ ಎರಡೂ ಸುದ್ದಿ ಹುಟ್ಟುತ್ತಿರಲಿಲ್ಲ.

3

ಹಾಗಾದರೆ ಟಿವಿ ರಾಜಕೀಯ ಪತ್ರಕರ್ತ ಏನೂ ಒಳಿತು ಮಾಡಲಿಲ್ಲವೇ? ಮಾಡಿದ್ದಾನೆ. ಮಾತಿಗಿಂತ ಹೆಚ್ಚಾಗಿ ಕಣ್ಣಿನಿಂದ ಮಾಡಿದ್ದಾನೆ.

ಪಬ್ಲಿಕ್ ಟಿವಿ ಶುರುವಾಗುವುದಕ್ಕೆ ಐದು ದಿನ ಮೊದಲು, 2012ರ ಫೆಬ್ರುವರಿ 7ರಂದು, ವಿಧಾನಸಭೆಯಲ್ಲಿ ಕಲಾಪ ನಡೆಯುವಾಗ ಸಚಿವರ ಕೈಯಲ್ಲಿದ್ದ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ಓಡುತ್ತಿದ್ದುದನ್ನು ಗ್ಯಾಲರಿಯಲ್ಲಿದ್ದ ಟಿವಿ ಕ್ಯಾಮೆರಾ ಹಿಡಿಯಿತು. ಮರುದಿನ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ, ಯಾರೂ ಕಿರುಚಲಿಲ್ಲ. ಒಬ್ಬ ಕ್ಯಾಮೆರಾಮನ್ ಸುಮ್ಮನೆ ನೋಡುತ್ತಿದ್ದ, ಅಷ್ಟೇ. ಕ್ಯಾಮೆರಾ ಹಿಡಿದವನ ಹೆಸರು ಪರದೆಯ ಮೇಲೆ ಬರುವುದಿಲ್ಲ. ಆದರೆ ನಮ್ಮ ಕಸುಬಿನ ದೊಡ್ಡ ಸುದ್ದಿಗಳನ್ನು ತಂದವನು ಅವನೇ.

2018ರ ಮೇ 19ರ ಬಹುಮತ ಪರೀಕ್ಷೆ ನೆನಪಿರಬಹುದು. ಹಂಗಾಮಿ ಸ್ಪೀಕರ್ ನೇಮಕವನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆಯಲ್ಲಿ, ಕಲಾಪದ ನೇರಪ್ರಸಾರವೇ ಪಾರದರ್ಶಕತೆಗೆ ತಕ್ಕ ದಾರಿ ಎಂದು ಸುಪ್ರೀಂ ಕೋರ್ಟು ಒಪ್ಪಿತು. ಎಂಟು ವರ್ಷ ಹಿಂದೆ, 2010ರ ಅಕ್ಟೋಬರ್‌ನಲ್ಲಿ, ಇದೇ ಸದನದಲ್ಲಿ ವಿಶ್ವಾಸಮತ ಗದ್ದಲದ ನಡುವೆ ಧ್ವನಿಮತದಲ್ಲಿ ಮುಗಿದಿತ್ತು. ಈ ಸಲ ಇಡೀ ನಾಡು ನೋಡುತ್ತಿತ್ತು. ಮುಖ್ಯಮಂತ್ರಿ ಯಡಿಯೂರಪ್ಪನವರು ಭಾಷಣ ಮಾಡಿ, ಮತಕ್ಕೆ ಹಾಕದೆ ರಾಜೀನಾಮೆಗೆ ಹೊರಟರು. ಜನರ ಕಣ್ಣು ಕಾವಲಿಗಿದ್ದರೆ ಸದನದ ನಡೆ ಬದಲಾಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು, ಒಳಗಿನ ದೃಶ್ಯ ಸರ್ಕಾರಿ ಫೀಡ್‌ನಲ್ಲಿ ಬರುತ್ತದೆ ಎಂದರು. ಫೀಡ್‌ನಲ್ಲಿ ಮಾತಾಡುವವರ ಮುಖ ಕಾಣುತ್ತದೆ. ಹಿಂದಿನ ಸಾಲಿನವರ ಮೊಬೈಲು ಕಾಣುವುದಿಲ್ಲ. ಪತ್ರಿಕೋದ್ಯಮ ಇರುವುದು ಆ ಹಿಂದಿನ ಸಾಲಿನಲ್ಲಿ.

ಅಧಿಕಾರದಲ್ಲಿರುವವರು ಯಾವ ಪಕ್ಷದವರಾದರೂ ಕ್ಯಾಮೆರಾಗೆ ಹೆದರುತ್ತಾರೆ. 2021ರ ಮಾರ್ಚ್‌ನಲ್ಲಿ ಸಚಿವರೊಬ್ಬರ ಸಿ.ಡಿ. ಹೊರಬಿದ್ದ ಮೇಲೆ, ಬೇರೆ ಆರು ಸಚಿವರು ಕೋರ್ಟಿಗೆ ಹೋಗಿ 68 ಮಾಧ್ಯಮ ಸಂಸ್ಥೆಗಳ ವಿರುದ್ಧ ತಡೆಯಾಜ್ಞೆ ತಂದರು. 2020ರ ಸೆಪ್ಟೆಂಬರ್‌ನಲ್ಲಿ, ಬಿಜೆಪಿ ಆಡಳಿತದಲ್ಲಿ, ಪವರ್ ಟಿವಿಯ ಕಚೇರಿಗೆ ಪೊಲೀಸರು ಹೋಗಿ ಉಪಕರಣ ಒಯ್ದರು. 2024ರಲ್ಲಿ, ಕಾಂಗ್ರೆಸ್ ಆಡಳಿತದಲ್ಲಿ, ಪರವಾನಗಿಯ ವಿವಾದದಲ್ಲಿ ಅದೇ ವಾಹಿನಿಯ ಪ್ರಸಾರ ನಿಲ್ಲುವ ಹಂತಕ್ಕೆ ಬಂದಾಗ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ವಾಹಿನಿಯ ಸುದ್ದಿಯ ಗುಣ ಬೇರೆ ಚರ್ಚೆ. ಅಂಗಡಿ ಮುಚ್ಚಿಸುವುದು ಉತ್ತರವಲ್ಲ.

ಆದರೆ ಕಣ್ಣಿಗೂ ಒಂದು ಚಟ ಹತ್ತುತ್ತದೆ. 2019ರ ಜುಲೈನಲ್ಲಿ ಬಂಡಾಯ ಶಾಸಕರು ತಂಗಿದ್ದ ಮುಂಬೈನ ಪೊವಾಯಿಯ ಹೋಟೆಲಿನ ಮುಂದೆ ಮಳೆಯಲ್ಲಿ ಡಿ.ಕೆ. ಶಿವಕುಮಾರ್ ನಿಂತದ್ದನ್ನು ಗಂಟೆಗಟ್ಟಲೆ ತೋರಿಸಿದೆವು. ಜುಲೈ 18ರಿಂದ 23ರವರೆಗೆ ಸದನದ ಚರ್ಚೆ ತೋರಿಸಿದೆವು. 99ಕ್ಕೆ 105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿತ್ತು. ತಲೆ ಎಣಿಸುವುದರಲ್ಲಿ ನಾವು ಗಣಿತದ ಮೇಷ್ಟ್ರನ್ನು ಮೀರಿಸಿದೆವು. ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿ ಉತ್ತರ ಕರ್ನಾಟಕ ಮುಳುಗಿತು. ಆಗ ರಾಜ್ಯದಲ್ಲಿ ಇದ್ದದ್ದು ಒಬ್ಬ ಮುಖ್ಯಮಂತ್ರಿ, ಸೊನ್ನೆ ಸಚಿವರು. ಆಗಸ್ಟ್ 20ರವರೆಗೆ ಸಂಪುಟವೇ ಇರಲಿಲ್ಲ. ಹೋಟೆಲಿನ ಗೇಟು ಕಾಯುತ್ತಿದ್ದಾಗ ಅಣೆಕಟ್ಟೆಯ ಗೇಟಿನ ಕಡೆ ನಾವು ನೋಡಿರಲಿಲ್ಲ. ಶಾಸಕರ ಲೆಕ್ಕ ರಾಜಕೀಯ ಸುದ್ದಿ, ನೆರೆ ಹವಾಮಾನದ ಸುದ್ದಿ ಎಂದು ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟದ್ದೇ ನಮ್ಮ ದೊಡ್ಡ ತಪ್ಪು.

4

ಈಗ ನಿಮ್ಮ ಊರಿಗೆ ಬರುತ್ತೇನೆ.

2015ರ ಮೇ ತಿಂಗಳು. ನಾನು ಆಗ ಒಂದು ವಾಹಿನಿಯ ರಾಜಕೀಯ ಬ್ಯುರೋದಲ್ಲಿದ್ದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದಿದೆ, ನೊರೆಗೆ ಬೆಂಕಿಯೂ ಹತ್ತಿದೆ ಎಂದರು. ನೀರಿಗೆ ಬೆಂಕಿ! ಇದಕ್ಕಿಂತ ಒಳ್ಳೆಯ ವಿಷುವಲ್ ಯಾವ ಚಾನೆಲ್ಲಿಗೆ ಸಿಕ್ಕೀತು? ಸಿಟಿ ವರದಿಗಾರ ರಜೆಯಲ್ಲಿದ್ದ. ಡೆಸ್ಕಿನವರು ನನ್ನನ್ನೇ ಕಳಿಸಿದರು. ಯಮಲೂರು ಕಡೆಯ ಕೋಡಿಯ ಹತ್ತಿರ ವ್ಯಾನ್ ನಿಲ್ಲಿಸಿದೆವು. ಗಾಳಿ ಬೀಸಿದಾಗೆಲ್ಲ ನೊರೆಯ ಉಂಡೆಗಳು ಹಾರಿ ಬೈಕ್ ಸವಾರರ ಹೆಲ್ಮೆಟ್ಟಿಗೆ ಅಂಟುತ್ತಿದ್ದವು. ಮೂಗು ಮುಚ್ಚಿಕೊಂಡರೂ ವಾಸನೆ ಬಾಯಲ್ಲಿ ಬರುತ್ತಿತ್ತು. ಕಿವಿಯಲ್ಲಿ ಡೆಸ್ಕಿನ ದನಿ: ‘ಇನ್ನೂ ಎರಡು ಹೆಜ್ಜೆ ಹಿಂದೆ ಹೋಗಿ, ನೊರೆ ಭುಜದ ಮೇಲೆ ಕಾಣಬೇಕು.’ ಹೋದೆ. ಮೂರು ಟೇಕ್ ಆಯಿತು.

ಹೆಗಲ ಮೇಲೆ ಟವೆಲು ಹಾಕಿಕೊಂಡ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಕ್ಯಾಮೆರಾ ಆಫ್ ಆಗಿ, ವೈರು ಸುತ್ತುವಾಗ ಹತ್ತಿರ ಬಂದರು.

‘ನೊರೆ ನೋಡಕ್ ಬಂದ್ರಾ ಸ್ವಾಮಿ? ನಮ್ಮನೇರು ಈ ಕೆರೆ ನೀರಗಂಟಿಗಳು.’

ನೀರಗಂಟಿ ಎಂದರೆ ಏನೆಂದು ಇಲ್ಲಿನ ಹೊಸಬರಿಗೆ ಹೇಳಬೇಕು. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನಡೆಸುವವನು. ಗೌಡನ ಗದ್ದೆಯಾದರೂ ಸರದಿ ತಪ್ಪಿಸಬಾರದು. ತೂಬಿನ ಮಟ್ಟ, ಕೋಡಿಯ ಮಟ್ಟ, ಯಾವ ಕಾಲುವೆ ಎಲ್ಲಿ ಸೇರುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿ. ಆ ಹಿರಿಯರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದರು:

‘ಇದು ಮಳೆಗಾಲ ಅಲ್ಲ. ಮಳೆ ಬೀಳದಿದ್ರೂ ವರ್ಷಾ ಪೂರ್ತಿ ಕೋಡಿ ಹರೀತದಲ್ಲ, ಈ ನೀರು ಯಾರ ಮನೇದು ಅಂತ ಯಾರಾದ್ರೂ ಕೇಳಿದ್ರಾ?’

ಸುಮಾರು 900 ಎಕರೆಯ, ಬೆಂಗಳೂರಿನ ಅತಿ ದೊಡ್ಡ ಕೆರೆ. ಬೇಸಿಗೆಯಲ್ಲೂ ಅದನ್ನು ತುಂಬಿಸುತ್ತಿದ್ದದ್ದು ಊರೆಲ್ಲದರ ಬಚ್ಚಲು, ಕಕ್ಕಸು. ನೊರೆ ಎಂದರೆ ನಮ್ಮ ಬಟ್ಟೆ ಸೋಪಿನ ಪುಡಿ. ಇದು ಯಾವ ಮುಖ್ಯಮಂತ್ರಿಯ ಕಾಲದಲ್ಲಿ ಯಾವ ಬಡಾವಣೆಗೆ ಒಳಚರಂಡಿ ಇಲ್ಲದೆ ಒಪ್ಪಿಗೆ ಸಿಕ್ಕಿತು, ಯಾವ ಶುದ್ಧೀಕರಣ ಘಟಕ ಯಾವ ಫೈಲಿನಲ್ಲಿ ಮಲಗಿತು ಎಂಬ ಪ್ರಶ್ನೆ. ಅಂದರೆ ಅಪ್ಪಟ ರಾಜಕೀಯ ಪ್ರಶ್ನೆ. ಹತ್ತು ವರ್ಷ ವಿಧಾನಸೌಧದ ಕಾರಿಡಾರ್ ಅಳೆದ ನನಗೆ ಹೊಳೆಯದ ಪ್ರಶ್ನೆ ಹೆಗಲ ಮೇಲೆ ಟವೆಲಿನವರಿಗೆ ಹೊಳೆದಿತ್ತು. ನಾನು ‘ಹೌದಲ್ವಾ’ ಎಂದೆ. ವ್ಯಾನ್ ಹತ್ತಿದೆ. ರಾತ್ರಿ ನೊರೆ ಮಾತ್ರ ಪ್ರಸಾರವಾಯಿತು. ಚೆನ್ನಾಗಿ ಬಂದಿದೆ ಎಂದು ಡೆಸ್ಕಿನವರು ಹೊಗಳಿದರು.

ಆಮೇಲಿನ ಕಥೆ ನಿಮಗೆ ಗೊತ್ತಿದೆ. 2017ರ ಫೆಬ್ರುವರಿಯಲ್ಲಿ ಮತ್ತೆ ಬೆಂಕಿ. 2018ರ ಜನವರಿ 19ರಂದು ದೊಡ್ಡ ಬೆಂಕಿ, ಆರಿಸಲು ಸೈನಿಕರೇ ಇಳಿಯಬೇಕಾಯಿತು. ಅದೇ ವರ್ಷ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗೆ ಹೋದಾಗ ನೊರೆಯೂ ಜೊತೆಗೆ ಹೋಯಿತು. ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ನೀರಗಂಟಿ ಕೇಳಿದ ಪ್ರಶ್ನೆಯನ್ನು ಮೂರೂವರೆ ವರ್ಷದ ಮೇಲೆ ನ್ಯಾಯಮಂಡಳಿ ಕೇಳಿತು. ನಡುವೆ ನಾವು ನೊರೆ ತೋರಿಸುತ್ತಿದ್ದೆವು.

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗಲೂ ಅದೇ ಆಯಿತು. ಲ್ಯಾಪ್‌ಟಾಪ್ ಬ್ಯಾಗ್ ಹೊತ್ತವರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ದೃಶ್ಯ ದೇಶವೆಲ್ಲ ಓಡಿತು. ರಾಗಿ ಹೊಲ ಉತ್ತ ನೆಲಕ್ಕೆ ಟ್ರ್ಯಾಕ್ಟರು ವಾಪಸು ಬಂದಿತ್ತು, ಉಳುವುದಕ್ಕಲ್ಲ. ಐಟಿ ಕಂಪನಿಗಳ ಸಂಘ ಒಂದು ದಿನದ ನಷ್ಟ 225 ಕೋಟಿ ಎಂದು ಮುಖ್ಯಮಂತ್ರಿಗೆ ಬರೆದದ್ದು ಸುದ್ದಿಯಾಯಿತು. ಶೆಡ್ಡಿನಲ್ಲಿದ್ದವರ ಅಕ್ಕಿ ಮೂಟೆ ಒದ್ದೆಯಾದ ಲೆಕ್ಕ ಬರೆದವರಿಲ್ಲ. ರಾಜಕಾಲುವೆ ಒತ್ತುವರಿ ತೆರವು ಎಂದು ಜೆಸಿಬಿಗಳು ಬಂದವು, ಲೈವ್ ಕೊಟ್ಟೆವು. ಜೆಸಿಬಿ ಯಾರ ಕಾಂಪೌಂಡಿನ ಮುಂದೆ ನಿಂತಿತು, ಯಾಕೆ ನಿಂತಿತು ಎಂದು ತೋರಿಸುವ ಹೊತ್ತಿಗೆ ಬೇರೆ ಬ್ರೇಕಿಂಗ್ ಬಂದಿತ್ತು.

ಇನ್ನೊಂದು ಉದಾಹರಣೆ ಇತ್ತೀಚಿನದು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿಯವರು, 2024ರ ಲೋಕಸಭಾ ಚುನಾವಣೆಯಲ್ಲಿ ನಿಮ್ಮ ಮಹದೇವಪುರ ಕ್ಷೇತ್ರದಲ್ಲಿ 1,00,250 ಮತಗಳ ಅಕ್ರಮ ನಡೆದಿದೆ ಎಂದು ಆರೋಪಿಸಿದರು. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ಕೊಡಿ ಎಂದಿತು. ಅವತ್ತು ರಾತ್ರಿ ಸ್ಟುಡಿಯೋಗಳಲ್ಲಿ ಎಂಟೆಂಟು ಕಿಟಕಿ ತೆರೆದು ಎರಡು ಪಕ್ಷದವರೂ ಕಿರುಚಿದರು. ಆ ಗದ್ದಲದಲ್ಲಿ ಒಂದು ರಾಷ್ಟ್ರೀಯ ವಾಹಿನಿಯ ವರದಿಗಾರರು ಮಾಡಿದ ಸಣ್ಣ ಕೆಲಸ ನನಗೆ ಇಷ್ಟವಾಯಿತು. ಪಟ್ಟಿಯಲ್ಲಿ 80 ಮತದಾರರ ವಿಳಾಸ ಎಂದು ಹೇಳಲಾದ, ಬೆಳ್ಳಂದೂರು ಭಾಗದ ಪುಟ್ಟ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಒಳಗಿದ್ದದ್ದು ಇತ್ತೀಚೆಗಷ್ಟೇ ಬಂದ ಹೊರ ರಾಜ್ಯದ ಕೆಲಸಗಾರ. ಅವನ ಹೆಸರು ಇಲ್ಲಿನ ಪಟ್ಟಿಯಲ್ಲೇ ಇರಲಿಲ್ಲ. ಇದರಿಂದ ಆರೋಪ ಪೂರ್ತಿ ನಿಜವೆಂದಾಗಲಿ, ಪೂರ್ತಿ ಸುಳ್ಳೆಂದಾಗಲಿ ಸಾಬೀತಾಗುವುದಿಲ್ಲ. ಬಾಡಿಗೆ ಮನೆಗೆ ಬಂದು ಹೋಗುವವರ ಊರಿನಲ್ಲಿ ಮತದಾರರ ಪಟ್ಟಿ ಹೇಗೆ ಕೊಳೆಯುತ್ತದೆ ಎಂಬುದು ಮಾತ್ರ ಕಣ್ಣಿಗೆ ಕಂಡಿತು. ಬಾಗಿಲು ತಟ್ಟಿದ್ದರಿಂದ ಅಷ್ಟಾದರೂ ತಿಳಿಯಿತು. ಸ್ಟುಡಿಯೋದಿಂದ ಅದೂ ತಿಳಿಯಲಿಲ್ಲ.

ಇನ್ನೊಂದು ಬಾಗಿಲು ತಟ್ಟಬೇಕಿತ್ತು. ಬೆಳ್ಳಂದೂರು ಒಂದು ಕಾಲಕ್ಕೆ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ ಹೆಸರು ಮಾಡಿದ ಗ್ರಾಮ ಪಂಚಾಯತಿ. 2007ರಲ್ಲಿ ಬಿಬಿಎಂಪಿಗೆ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ಇಲ್ಲದೆ ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಚರಂಡಿ ಕಟ್ಟಿದರೆ ಹೋಗಿ ಕೇಳಲು ಆ ಐದು ವರ್ಷ ಇಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕಂಪ್ಯೂಟರ್ ಇಟ್ಟ ಪಂಚಾಯತಿಯಿಂದ ಪ್ರತಿನಿಧಿಯೇ ಇಲ್ಲದ ವಾರ್ಡಿನವರೆಗೆ ಬಂದ ಈ ಕಥೆಗಿಂತ ದೊಡ್ಡ ರಾಜಕೀಯ ಸುದ್ದಿ ಬೇಕೇ? ಯಾವ ಮುಖ್ಯಮಂತ್ರಿ ಯಾವಾಗ ಬದಲಾಗುತ್ತಾರೆ ಎಂಬುದರ ಬಗ್ಗೆ ನಾವು ನಡೆಸಿದ ಚರ್ಚೆಯ ನೂರರಲ್ಲೊಂದು ಪಾಲೂ ಇದಕ್ಕೆ ಸಿಗಲಿಲ್ಲ.

5

ಯಾಕೆ ಹೀಗೆ ಎಂದು ನೀವು ಕೇಳಬಹುದು. ಒಂದು ಕಾರಣ ಲೆಕ್ಕ. 2020ರ ಹೊತ್ತಿಗೆ ಇಡೀ ದೇಶದ ಟಿವಿ ನೋಟವನ್ನು ಅಳೆಯುತ್ತಿದ್ದದ್ದು ಸುಮಾರು 44 ಸಾವಿರ ಮನೆಗಳ ಮೀಟರು. ಪ್ರತಿ ಗುರುವಾರ ಬಾರ್ಕ್ ಸಂಸ್ಥೆಯ ಅಂಕ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದಂತೆ ಸುದ್ದಿಮನೆ ಗುರುವಾರ ಮೌನವಾಗುತ್ತಿತ್ತು. ಟಿಆರ್‌ಪಿ ಹಗರಣದ ದೂರು ಬಂದು 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ವಾಹಿನಿಗಳ ರೇಟಿಂಗ್ ನಿಂತಿತು. ಆ ಒಂದೂವರೆ ವರ್ಷ ನಾವು ಸುಧಾರಿಸಿದೆವೇ? ಇಲ್ಲ. ಮೀಟರ್ ಇಲ್ಲದಿದ್ದರೂ ಕಿರುಚುತ್ತಲೇ ಇದ್ದೆವು. ಆಗ ನನಗೆ ಅರ್ಥವಾಯಿತು, ರೋಗ ಮೀಟರಿನದಷ್ಟೇ ಅಲ್ಲ, ರೂಢಿಯದೂ ಹೌದು.

ಎರಡನೆಯ ಕಾರಣ ಕೂಲಿ. ತಾಲ್ಲೂಕಿನ ಸ್ಟ್ರಿಂಗರ್‌ಗೆ, ಅಂದರೆ ಸಂಬಳವಿಲ್ಲದ ವರದಿಗಾರನಿಗೆ, ಸ್ಟೋರಿಗಿಷ್ಟು ಎಂದು ದುಡ್ಡು. ಬೈಟ್ ತಂದರೆ ಸ್ಟೋರಿ. ಆರ್‌ಟಿಐ ಅರ್ಜಿ ಹಾಕಿ ಮೂರು ತಿಂಗಳು ಅಲೆದರೂ ಅದೂ ಒಂದೇ ಸ್ಟೋರಿ. ಆಂಕರ್ ಮುಖಕ್ಕೆ ಹಾಕುವ ಹಣದಲ್ಲಿ ಒಂದು ಪಾಲು ಇವನ ಪೆಟ್ರೋಲಿಗೆ ಹಾಕಿದ್ದರೆ ಕನ್ನಡ ಟಿವಿಯ ಕಥೆಯೇ ಬೇರೆಯಾಗುತ್ತಿತ್ತು.

ಇಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳು ಕೂತಿದ್ದೀರಿ. ನಿಲುವು ಬೇಡವೇ ಸಾರ್ ಎಂದು ನಿಮ್ಮಲ್ಲಿ ಒಬ್ಬರು ಬರುವಾಗಲೇ ಕೇಳಿದರು. ಬೇಕಮ್ಮ, ಖಂಡಿತ ಬೇಕು. ನಿಲುವಿಲ್ಲದವನು ಮೈಕಿನ ಸ್ಟ್ಯಾಂಡು. ಆದರೆ ನಿಲುವು ಕೊನೆಗೆ ಬರಲಿ. ಫೈಲು ಓದಿ, ಬಾಗಿಲು ತಟ್ಟಿ, ಎದುರಿನವರ ಮಾತು ಪೂರ್ತಿ ಕೇಳಿ, ಆಮೇಲೂ ಉಳಿಯುವುದು ನಿಲುವು. ಮೊದಲೇ ಇರುವುದಕ್ಕೆ ಹಟ ಎನ್ನುತ್ತಾರೆ. ಆ ನೀರಗಂಟಿ ಗೌಡನ ಪರವೂ ಇರಲಿಲ್ಲ, ಕೂಲಿಯವನ ಪರವೂ ಇರಲಿಲ್ಲ, ಸರದಿಯ ಪರ ಇದ್ದ. ಅದಕ್ಕಿಂತ ಗಟ್ಟಿಯಾದ ನಿಲುವು ನನಗೆ ಗೊತ್ತಿಲ್ಲ.

ಆ ಹಿರಿಯರನ್ನು ನಾನು ಮತ್ತೆ ನೋಡಲಿಲ್ಲ. ಮುಂದಿನ ವಾರ ಬರುತ್ತೇನೆ ಅಂದುಕೊಂಡಿದ್ದೆ. ಮುಂದಿನ ವಾರ ಯಾವುದೋ ಗೇಟಿನ ಮುಂದೆ ನಿಂತಿದ್ದೆ. ಇವತ್ತು ಇಲ್ಲಿಗೆ ಬರುವ ಮೊದಲು ಕೋಡಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಬೆಳ್ಳಂದೂರಿನವರಲ್ಲಿ ನನ್ನದೊಂದೇ ಕೋರಿಕೆ. ನಾಳೆ ನಿಮ್ಮ ಕೆರೆ ಏರಿಯ ಮೇಲೆ ಮತ್ತೆ ಓಬಿ ವ್ಯಾನ್ ನಿಲ್ಲುತ್ತದೆ. ಲೋಗೋ ಹಿಡಿದ ಹುಡುಗನೋ ಹುಡುಗಿಯೋ ಇಳಿಯುತ್ತಾರೆ. ನಿಂತಲ್ಲೇ ನೋಡಿ ನಗಬೇಡಿ, ಬೈಯಲೂ ಬೇಡಿ. ಒಂದು ಲೋಟ ನೀರು ಕೊಟ್ಟು ಕೂರಿಸಿ. ಹೋದ ಸಲ ಹೇಳಿದ ಸುದ್ದಿ ಏನಾಯಿತು ಎಂದು ಕೇಳಿ. ಆಮೇಲೆ ತೂಬಿನ ಕಥೆ, ಕಾಲುವೆಯ ಕಥೆ, ಕಾರ್ಪೊರೇಟರ್ ಇಲ್ಲದ ಐದು ವರ್ಷದ ಕಥೆ ಹೇಳಿ. ಕ್ಯಾಮೆರಾ ಆಫ್ ಆಗುವವರೆಗೆ ಮಾತ್ರ ಕಾಯಬೇಡಿ. ಆನ್ ಇರುವಾಗಲೇ ಹೇಳಿ.